ಸಣ್ಣ ಮನೆ, ಸಾಲು ಹಬ್ಬ: ಓದುಗರ ಪ್ರಶ್ನೆಗೆ ಉತ್ತರ

ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಮುಗಿದರೆ ಕೊಡಗಿನಲ್ಲಿ ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ದಸರಾ, ಕಾವೇರಿ ಸಂಕ್ರಮಣ, ದೀಪಾವಳಿ, ಹೊಸ ಭತ್ತದ ಹಬ್ಬ ಪುತ್ತರಿ, ಕ್ರಿಸ್‌ಮಸ್. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದು, ಎರಡು ಕೋಣೆಯ ಮನೆಯವರದ್ದು. ನನ್ನದೂ ವಿರಾಜಪೇಟೆಯಲ್ಲಿ ಅಂಥದ್ದೇ ಮನೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇವರಿಗೇ ಇಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನಮ್ಮದು ಬಾಡಿಗೆ ಮನೆ. 10 ಅಡಿಗೆ 12 ಅಡಿಯ ಒಂದು ಹಾಲ್, ಒಂದು ರೂಮು, ಅಡುಗೆಮನೆ. ದಸರಾಕ್ಕೆ ಗೊಂಬೆ ಕೂರಿಸಬೇಕು. ವಿಜಯದಶಮಿ ರಾತ್ರಿಯ ದಶಮಂಟಪ (ಹತ್ತು ಮಂಟಪಗಳ ಮೆರವಣಿಗೆ) ನೋಡಲು ನೆಂಟರೂ ಬರುತ್ತಾರೆ. ಗೋಡೆಯಲ್ಲಿ ಮಳೆಗಾಲದ ಬೂಷ್ಟು ಇನ್ನೂ ಇದೆ. ವಾಲ್‌ಪೇಪರ್ ಅಂಟಿಸಿಬಿಡು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?
(ಗೃಹಿಣಿ, ಮಡಿಕೇರಿ)

ಉತ್ತರ: ವಾಲ್‌ಪೇಪರ್ ಖಂಡಿತ ಬೇಡ, ತಂಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ನೀರು ಕುಡಿದಿರುತ್ತವೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಒಳಗೊಳಗೇ ಬೂಷ್ಟು ಹಬ್ಬುತ್ತದೆ. ಮನೆ ಬಿಡುವಾಗ ಹಾಳೆಯ ಜೊತೆ ಬಣ್ಣವೂ ಕಿತ್ತು ಬರುತ್ತದೆ. ಅದರ ದುಡ್ಡನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ.

ಮೊದಲು ಮನೆ ಒಣಗಲಿ. ಬೀರು, ಸೋಫಾ ಎಲ್ಲವನ್ನೂ ಗೋಡೆಯಿಂದ ಮೂರು ನಾಲ್ಕು ಇಂಚು ಈಚೆ ಎಳೆಯಿರಿ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಅದು ಮನೆಯೆಲ್ಲ ಹಾರಿ ಮತ್ತೆ ಕೂರುತ್ತದೆ. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲು ಕಂಡ ದಿನ ಎದುರುಬದುರು ಕಿಟಕಿ ಎರಡನ್ನೂ ತೆರೆದಿಡಿ. ಒದ್ದೆ ಬಟ್ಟೆ ಹಾಲ್‌ನಲ್ಲಿ ಒಣಹಾಕುವ ಅಭ್ಯಾಸ ಇದ್ದರೆ ಹಬ್ಬದವರೆಗಾದರೂ ನಿಲ್ಲಿಸಿ. ಇಷ್ಟು ಮಾಡಿದರೇ ಹಾಲ್ ಅರ್ಧ ಚಂದ ಆಗುತ್ತದೆ.

ಇನ್ನು ಗೊಂಬೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿ ಇರಬೇಕು ಅಷ್ಟೇ. ಒಂಬತ್ತೇ ಆಗಬೇಕೆಂದು ಯಾರೂ ಹೇಳಿಲ್ಲ. ನಿಮ್ಮ ಹಾಲ್‌ಗೆ ಮೂರು ಸಾಕು. ಬಾಗಿಲಿಂದ ಅಡುಗೆಮನೆಗೆ ಓಡಾಡುವ ದಾರಿ ಬಿಟ್ಟು ಒಂದು ಮೂಲೆ ಆರಿಸಿ. ಹಿಂದೆ ಕಬ್ಬಿಣದ ಟ್ರಂಕ್, ಅದರ ಮುಂದೆ ಸೂಟ್‌ಕೇಸ್, ಅದರ ಮುಂದೆ ಒಂದು ಹಲಗೆ. ಪ್ರತಿ ಮೆಟ್ಟಿಲಿಗೆ ಎಂಟು ಇಂಚು ಅಗಲ ಸಿಕ್ಕಿದರೆ ಗೊಂಬೆ ಗಟ್ಟಿಯಾಗಿ ನಿಲ್ಲುತ್ತದೆ. ಹಾಲ್‌ನಿಂದ ತೆಗೆದ ಸಾಮಾನನ್ನು ಆ ಟ್ರಂಕಿನೊಳಗೇ ತುಂಬಿ. ಮೇಲೆ ಒಂದೇ ಬಣ್ಣದ ಹಳೆ ಸೀರೆ ಹೊದಿಸಿ. ಹೂವಿನ ಚಿತ್ತಾರದ ಸೀರೆ ಬೇಡ, ಗೊಂಬೆಗಳು ಅದರಲ್ಲಿ ಕಳೆದುಹೋಗುತ್ತವೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ ಕೂರಲಿ.

ಕೆಳಗಿನ ನೆಲ ಮಕ್ಕಳಿಗೆ ಬಿಡಿ. ನರ್ಸರಿಯಿಂದ ನಾಲ್ಕು ಕಾಫಿ ಸಸಿ ತಂದು ಕವರ್ ಸಮೇತ ಸಾಲಾಗಿ ಇಟ್ಟು, ಕವರ್ ಕಾಣದಂತೆ ಅಂಗಳದ ಪಾಚಿ ಹಚ್ಚಿದರೆ ಒಂದು ತೋಟ ಆಗುತ್ತದೆ. ಮಡಿಕೇರಿ ದಸರಾದಲ್ಲಿರುವ ಹಾಗೆ ನಾಲ್ಕು ಪುಟ್ಟ ಕರಗ, ಬೆಂಕಿಪೊಟ್ಟಣದಲ್ಲಿ ಮಾಡಿದ ಹತ್ತು ಮಂಟಪ ಇಡಲಿ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪಾರ್ಕಿಗಿಂತ ಇದನ್ನು ನೋಡಲು ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಇದಿಷ್ಟೇ ಅಲಂಕಾರ. ಬೇರೆ ಗೋಡೆಗಳಿಗೆ ಏನೂ ಬೇಡ. ನಮ್ಮ ಐನ್‌ಮನೆಗಳನ್ನು, ಅಂದರೆ ಕೊಡವರ ಹಿರಿಯರ ಮನೆಗಳನ್ನು, ನೆನಪಿಸಿಕೊಳ್ಳಿ. ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಒಂದು ತೂಗುದೀಪ. ಒಳಗೆ ಕಾಲಿಟ್ಟವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅಷ್ಟು ದೊಡ್ಡ ಮನೆಗೇ ಒಂದು ಜಾಗ ಸಾಕಾದರೆ, ನಮಗೆ ನಾಲ್ಕು ಯಾಕೆ ಅಲ್ವಾ? ಸಣ್ಣ ಕೋಣೆಯಲ್ಲಿ ನಾಲ್ಕೂ ಕಡೆ ತೋರಣ, ಬಲೂನು, ಮಿಣುಕು ದೀಪ ಹಾಕಿದರೆ ಕೋಣೆ ಇನ್ನೂ ಕುಗ್ಗುತ್ತದೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ.

ನೆಂಟರ ಚಿಂತೆ ಬೇಡ. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಯಾರು ಮನೆಯಲ್ಲಿ ಕೂರುತ್ತಾರೆ? ಬೆಳಗಿನವರೆಗೆ ಎಲ್ಲರೂ ಬೀದಿಯಲ್ಲೇ. ಅವರಿಗೆ ಬೇಕಾದ್ದು ಚಪ್ಪಲಿ ಬಿಡಲು ಜಾಗ, ಒದ್ದೆ ಕೊಡೆ ನಿಲ್ಲಿಸಲು ಒಂದು ಬಕೆಟ್, ಬಂದ ಮೇಲೆ ಮಲಗಲು ಜಮಖಾನ. ಟೀಪಾಯಿಯನ್ನು ರೂಮಿಗೆ ಸಾಗಿಸಿ, ನೆಲ ಖಾಲಿ ಬಿಡಿ.

ಕೆಲವು ವರ್ಷ ದಸರಾದ ಬೆನ್ನಿಗೇ, ಅಕ್ಟೋಬರ್ 17ಕ್ಕೋ 18ಕ್ಕೋ ಕಾವೇರಿ ಸಂಕ್ರಮಣ ಬರುತ್ತದೆ. ಮೆಟ್ಟಿಲು ಬಿಚ್ಚುವ ಮೊದಲು ಕ್ಯಾಲೆಂಡರ್ ನೋಡಿ. ನಿಮ್ಮ ಮನೆಯಲ್ಲಿ ಕಣಿ ಪೂಜೆ ಇದ್ದರೆ ಅದೇ ಮೂಲೆ ಉಪಯೋಗಕ್ಕೆ ಬರುತ್ತದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ವೀಳ್ಯದೆಲೆ, ಬಳೆ ಇಟ್ಟರೆ ಕಾವೇರಮ್ಮ ಬಂದ ಹಾಗೆಯೇ. ನಮ್ಮಲ್ಲಿ ನನ್ನ ಹೊಲಿಗೆ ಮೆಷಿನ್ ಮೇಲೆ ಹಲಗೆ ಹಾಕಿ, ಅಮ್ಮನ ಹಸಿರು ಸೀರೆ ಹೊದಿಸುತ್ತೇನೆ. ಅದೇ ಪೀಠ.

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಒಂದು ಬೆಡ್‌ರೂಮ್ ಮನೆ. ಈ ವರ್ಷ ಪುತ್ತರಿಗೆ ಊರಿಗೆ ಬರಲು ರಜೆ ಇಲ್ಲ. ಓನರ್ ಮೊಳೆ ಹೊಡೆಯಲು ಬಿಡುವುದಿಲ್ಲ. ಮನೆಗೆ ಹಬ್ಬದ ಕಳೆ ತರುವುದು ಹೇಗೆ ಅಕ್ಕ?
(ನಾಪೋಕ್ಲಿನ ಹುಡುಗ, ಬೆಂಗಳೂರು)

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು, ತಮ್ಮ. ರಜೆ ಇಲ್ಲದಿದ್ದರೂ ಪುತ್ತರಿ ಬಿಡಬೇಡಿ.

ಪುತ್ತರಿಯ ಅಲಂಕಾರ ಅಂದರೆ ನೆರೆ (ಎಲೆಗಳ ಕಟ್ಟು) ಮತ್ತು ಕದಿರು (ಹೊಸ ಭತ್ತದ ತೆನೆ). ಬೇರೆ ಏನನ್ನೂ ಕೊಳ್ಳಬೇಡಿ. ಬೆಂಗಳೂರಿನ ಕೊಡವ ಸಮಾಜದಲ್ಲಿ ವಿಚಾರಿಸಿ, ಅಥವಾ ಊರಿಂದ ಬರುವವರ ಕೈಯಲ್ಲಿ ಒಂದು ಹಿಡಿ ಕದಿರು, ನೆರೆಗೆ ಬೇಕಾದ ಎಲೆ ತರಿಸಿ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಲು ಹೇಳಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಬಸ್ಸಿನಲ್ಲೇ ಬೆಂದುಹೋಗುತ್ತದೆ.

ಊರಲ್ಲಿ ಕಂಬಕ್ಕೆ, ಬಾಗಿಲಿಗೆ, ಬಾವಿಗೆ ಕಟ್ಟುತ್ತೇವೆ. ನಿಮ್ಮಲ್ಲಿ ಕಂಬ ಇಲ್ಲ, ಬಾವಿ ಇಲ್ಲ. ಬಾಗಿಲಿನ ಹಿಡಿಗೆ ಕಟ್ಟಿ, ಕುಡಿಯುವ ನೀರಿನ ಫಿಲ್ಟರಿಗೆ ಕಟ್ಟಿ, ಬೈಕಿನ ಹ್ಯಾಂಡಲ್‌ಗೆ ಕಟ್ಟಿ. ಅನ್ನ, ನೀರು, ದುಡಿಮೆ ಎಲ್ಲಿದೆಯೋ ಅಲ್ಲಿಗೆ ಕದಿರು ಹೋಗಲಿ. ಕಿಟಕಿಗೆ ಅಡ್ಡ ಸ್ಪ್ರಿಂಗ್ ರಾಡ್ ಹಾಕಿದರೆ ಮೊಳೆ ಬೇಕಾಗುವುದಿಲ್ಲ. ಅದರ ನಡುವೆ ಒಂದು ಕಟ್ಟು ತೂಗುಬಿಡಬಹುದು.

ಆದರೆ ಅಂಟಿಸುವ ಹುಕ್ಕಿಗೆ ಉರಿಯುವ ದೀಪ ತೂಗುಹಾಕಬೇಡಿ. ಎಣ್ಣೆ ದೀಪ ಬಿಸಿಯೂ ಹೌದು, ಭಾರವೂ ಹೌದು. ಅದರ ಬದಲು ತಳಿಯತಕ್ಕಿ ಬೊಳಕ್ ಇಡಿ. ತಟ್ಟೆ, ಅಕ್ಕಿ, ದೀಪ. ಹಾಲ್‌ನ ಒಂದು ಬದಿಯಲ್ಲಿ ನೆಲದ ಮೇಲೆ ಚಾಪೆ ಹಾಸಿ, ಪರದೆಯಿಂದ ದೂರ ಇಡಿ. ಟ್ಯೂಬ್‌ಲೈಟ್ ಆರಿಸಿ. ಬೆಳಕು ಬೇಕಾದರೆ 2700 ಕೆಲ್ವಿನ್‌ನ ಹಳದಿ ಬಲ್ಬ್ ಒಂದು ಮೂಲೆಯಲ್ಲಿರಲಿ. ಡಬ್ಬಿಯ ಮೇಲೆ ವಾರ್ಮ್ ವೈಟ್ ಅಂತ ಬರೆದಿರುತ್ತದೆ. ತಂಬಿಟ್ಟಿಗೆ ಬಾಳೆಹಣ್ಣು ಚೆನ್ನಾಗಿ ಕಳಿತಿರಲಿ.

ಊರಲ್ಲಿ ಕದಿರು ಕೊಯ್ಯುವ ಮುಹೂರ್ತದ ಹೊತ್ತಿಗೆ 'ಪೊಲಿ ಪೊಲಿ ದೇವಾ' (ಹೆಚ್ಚಲಿ, ಹೆಚ್ಚಲಿ ದೇವರೇ) ಅನ್ನಿ. ಮೆಲ್ಲಗೆ ಅಲ್ಲ, ಗಟ್ಟಿಯಾಗಿ. ಅಕ್ಕಪಕ್ಕದವರು ಬಾಗಿಲು ತೆರೆದು ಕೇಳಿದರೆ ಒಳಗೆ ಕರೆದು ತಂಬಿಟ್ಟು ಕೊಡಿ.

ಪ್ರಶ್ನೆ: ತೋಟದ ಲೈನ್ ಮನೆಯಲ್ಲಿದ್ದೇವೆ (ಕೆಲಸಗಾರರ ಸಾಲುಮನೆ). ಒಂದೇ ಕೋಣೆ, ಒಲೆಯೂ ಅಲ್ಲೇ. ಗೋಡೆ ಹೊಗೆ ಹಿಡಿದು ಕಪ್ಪಾಗಿದೆ. ದೀಪಾವಳಿಗೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
(ಸಿದ್ದಾಪುರದಿಂದ ಒಬ್ಬ ತಾಯಿ)

ಉತ್ತರ: ಸುಣ್ಣ ಹೊಡೆಯಿರಮ್ಮ. ಅದಕ್ಕಿಂತ ಒಳ್ಳೆಯದು, ಅಗ್ಗದ್ದು ಬೇರೆ ಇಲ್ಲ. ಸುಣ್ಣದ ಗೋಡೆಯಲ್ಲಿ ತೇವ ನಿಲ್ಲುವುದಿಲ್ಲ, ಬೂಷ್ಟೂ ಬೇಗ ಬರುವುದಿಲ್ಲ. ಮೊದಲು ಮಸಿ ಒರೆಸಿ ತೆಗೆಯಿರಿ. ಸುಣ್ಣಕ್ಕೆ ಸ್ವಲ್ಪ ಗೋಂದು ಸೇರಿಸಿದರೆ ಬಟ್ಟೆಗೆ ಹತ್ತುವುದು ಕಡಿಮೆ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಮಕ್ಕಳನ್ನು ದೂರ ಇರಿಸಿ, ಕಣ್ಣಿಗೆ ಹಾರಿದರೆ ಸುಡುತ್ತದೆ.

ಬಾಗಿಲಿಗಿಂತ ಮೇಲೆ, ಗೋಡೆಯುದ್ದಕ್ಕೂ ಒಂದು ಹಲಗೆ ಬಡಿಸಿ. ದಿನಾ ಬೇಡದ ಪಾತ್ರೆ, ಕಂಬಳಿ ಅಲ್ಲಿಗೆ ಹೋದರೆ ನೆಲ ಬಿಡುವಾಗುತ್ತದೆ. ಹಲಗೆಯ ಅಂಚಿಗೆ ಹಳೆ ಸೀರೆಯ ಜರಿ ಕತ್ತರಿಸಿ ಇಳಿಬಿಡಿ. ಒಲೆಯ ಮೇಲೆ ಮಾತ್ರ ಬೇಡ. ಹಣತೆಗಳನ್ನು ಹೊರಗಿನ ಜಗಲಿಯಲ್ಲಿ ಹಚ್ಚಿ. ಒಟ್ಟಿದ ಸೌದೆ ಹತ್ತಿರ ಇರದ ಹಾಗೆ ನೋಡಿಕೊಳ್ಳಿ. ಲೈನಿನ ಎಲ್ಲ ಮನೆಯವರೂ ಸೇರಿ ಒಂದೇ ಸಾಲಾಗಿ ಹಚ್ಚಿದರೆ ತೋಟದ ಆ ತುದಿಗೂ ಕಾಣುತ್ತದೆ.

ಪ್ರಶ್ನೆ: ಕ್ರಿಸ್‌ಮಸ್ ಟ್ರೀ ಇಡಲು ನಮ್ಮ ಮನೆಯಲ್ಲಿ ನೆಲವೇ ಇಲ್ಲ. ಗೋದಲಿಯೂ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬೇಕು ಅಂತ ಮಗಳ ಹಟ.
(ಸುಂಟಿಕೊಪ್ಪ)

ಉತ್ತರ: ಮಗಳ ಹಟ ಸರಿಯಾಗಿದೆ. ಗೋದಲಿ ಮೊದಲು, ಟ್ರೀ ಆಮೇಲೆ. ಕಿಟಕಿಯ ಒಳಗಟ್ಟೆಯ ಮೇಲೆ ಒಣಹುಲ್ಲು ಹಾಸಿ ಅಲ್ಲೇ ಗೋದಲಿ ಮಾಡಿ. ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಟ್ರೀ ಗೋಡೆಯಲ್ಲಿರಲಿ. ಕಾಫಿ ಗಿಡದ ಒಣ ಕೊಂಬೆಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿ, ಎರಡೂ ಬದಿಗೆ ಹಗ್ಗ ಕಟ್ಟಿ ತೂಗುಹಾಕಿ. ನಡುನಡುವೆ ಸಿಲ್ವರ್ ಓಕ್ ಎಲೆ ಸಿಕ್ಕಿಸಿದರೆ ಅದರ ಬೆಳ್ಳಿ ಹಿಂಬದಿ ದೀಪಕ್ಕೆ ಹೊಳೆಯುತ್ತದೆ. ಕಾಗದದ ನಕ್ಷತ್ರವನ್ನು ಮಾಡಿನ ಅಡಿಗೇ ಕಟ್ಟಿ, ಡಿಸೆಂಬರ್ ಮಂಜಿಗೆ ಕಾಗದ ನೆನೆಯುತ್ತದೆ. ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೆ ಕಾಲದ ಬಲ್ಬ್ ಬಿಸಿಗೆ ಕಾಗದ ಸುಟ್ಟೀತು. ವೈರನ್ನು ಚಾಪೆಯ ಅಡಿಯಲ್ಲಿ ಎಳೆಯದೆ ಗೋಡೆಯ ಅಂಚಿನಲ್ಲೇ ತನ್ನಿ.