ದುಆ: ಕೇಳುವ ಕ್ರಮ, ಕಾಯುವ ಕ್ರಮ
(ಓದುಗರ ಪ್ರಶ್ನೆ, ನಮ್ಮ ಉತ್ತರ)

ದುಆದ (ಅಲ್ಲಾಹನಲ್ಲಿ ಬೇಡಿಕೊಳ್ಳುವುದರ) ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕರಾವಳಿಯಲ್ಲಿ ಶಾಫಿಈ ಮದ್‌ಹಬ್‌ನವರೇ (ಕರ್ಮಶಾಸ್ತ್ರದ ಒಂದು ಪಂಥ; ಹನಫಿ ಇನ್ನೊಂದು) ಹೆಚ್ಚು. ಆದ್ದರಿಂದ ಕರ್ಮಶಾಸ್ತ್ರದ ವಿಷಯ ಬಂದಲ್ಲಿ ಶಾಫಿಈ ಕ್ರಮವನ್ನು ಮೊದಲು ಹೇಳಿ, ಹನಫಿಗಳಿಗೆ ವ್ಯತ್ಯಾಸವಿದ್ದರೆ ಅದನ್ನೂ ತಿಳಿಸಿದ್ದೇವೆ. ಹೆಸರಿನ ಜೊತೆಗಿರುವ (ಸ), (ರ), (ಅ) ಗೌರವದ ಹಾರೈಕೆಗಳ ಗುರುತು.

ಪ್ರಶ್ನೆ: ಸಾಲ ತೀರಲೆಂದು ಎರಡು ವರ್ಷದಿಂದ ಪ್ರತಿ ನಮಾಝಿನ ನಂತರ ದುಆ ಮಾಡುತ್ತಿದ್ದೇನೆ. ಏನೂ ಬದಲಾಗಿಲ್ಲ. ನಾನು ಕೇಳುವ ಕ್ರಮವೇ ತಪ್ಪೇ? ಅಲ್ಲಾಹನು ನನ್ನ ಮಾತು ಕೇಳುತ್ತಿಲ್ಲವೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಸಹೋದರರೇ, ಅಲ್ಲಾಹನು ಕೇಳುತ್ತಿಲ್ಲ ಎಂಬ ಯೋಚನೆಯನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. "ನಾನು ಹತ್ತಿರವೇ ಇದ್ದೇನೆ, ಕರೆಯುವವನು ನನ್ನನ್ನು ಕರೆದಾಗ ಅವನ ಕರೆಗೆ ಓಗೊಡುತ್ತೇನೆ" ಎಂಬುದು ಕುರ್‌ಆನ್‌ನ 2ನೇ ಅಧ್ಯಾಯ, 186ನೇ ಸೂಕ್ತದ ಮಾತು. ರಮಝಾನ್ ಉಪವಾಸದ ನಿಯಮ ಹೇಳುವ ಸೂಕ್ತಗಳ ನಡುವೆ ಇದು ಬಂದಿದೆ. ಹಸಿದು ಕೂತವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಏನು ಬೇಕು?

ಇನ್ನು ಕ್ರಮ. ಪ್ರವಾದಿಯವರ(ಸ) ಸಂಗಾತಿ ಫಳಾಲ ಬಿನ್ ಉಬೈದ್(ರ) ವರದಿ ಮಾಡಿದ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಒಂದಿದೆ. ಒಬ್ಬರು ನಮಾಝಿನಲ್ಲಿ ಅಲ್ಲಾಹನನ್ನು ಸ್ತುತಿಸದೆ, ಪ್ರವಾದಿಯವರ(ಸ) ಮೇಲೆ ಸ್ವಲಾತ್ (ಅವರಿಗೆ ಅನುಗ್ರಹ ಕೋರುವ ವಚನ) ಹೇಳದೆ ನೇರವಾಗಿ ಬೇಡಿಕೆಗೆ ಇಳಿದರು. ಅದನ್ನು ಕೇಳಿದ ಪ್ರವಾದಿಯವರು(ಸ) "ಇವರು ಅವಸರ ಮಾಡಿದರು" ಎಂದರು. ಬಳಿಕ ಅವರನ್ನು ಕರೆದು, ಮೊದಲು ಸ್ತುತಿ, ನಂತರ ಸ್ವಲಾತ್, ಆಮೇಲೆ ಬೇಕಾದುದನ್ನು ಕೇಳಿ ಎಂದು ಕಲಿಸಿದರು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಮಾಝ್ ಮುಗಿಸುವ ಸಲಾಂ ತಿರುಗಿಸಿದ ಕೂಡಲೇ ಕೈ ಎತ್ತಿ, ಬಾಯಿಪಾಠದ ಎರಡು ದುಆ ಓಡಿಸಿ, ಮುಖ ಸವರಿಕೊಂಡು ಚಪ್ಪಲಿ ಹುಡುಕುತ್ತೇವೆ.

ಫರ್ಳ್ (ಕಡ್ಡಾಯ) ನಮಾಝ್ ಮುಗಿದ ಮೇಲೆ ಹೀಗೆ ಮಾಡಿ. ಮೂರು ಸಲ "ಅಸ್ತಗ್‌ಫಿರುಲ್ಲಾಹ್". ನಂತರ "ಅಲ್ಲಾಹುಮ್ಮ ಅಂತಸ್ಸಲಾಮ್..." ಎಂಬ ದಿಕ್ರ್ (ಅಲ್ಲಾಹನ ಸ್ಮರಣೆಯ ವಚನ). ಆಮೇಲೆ 33 ಸುಬ್‌ಹಾನಲ್ಲಾಹ್, 33 ಅಲ್‌ಹಮ್ದುಲಿಲ್ಲಾಹ್, 33 ಅಲ್ಲಾಹು ಅಕ್ಬರ್, ನೂರನೆಯದಾಗಿ "ಲಾ ಇಲಾಹ ಇಲ್ಲಲ್ಲಾಹು ವಹ್‌ದಹೂ ಲಾ ಶರೀಕ ಲಹ್..." ಪೂರ್ತಿಯಾಗಿ. ಈಗ ಅಂಗೈಗಳನ್ನು ಆಕಾಶಕ್ಕೆ ಮಾಡಿ, ಎದೆ ಅಥವಾ ಭುಜದ ಮಟ್ಟಕ್ಕೆ ಎತ್ತಿ. ಅಲ್ಲಾಹನನ್ನು ಸ್ತುತಿಸಿ, ಸ್ವಲಾತ್ ಹೇಳಿ, ನಿಮ್ಮ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡಿ. ಅದಾದ ಮೇಲೆ ಸಾಲದ ಮಾತು ಬರಲಿ. ಮುಖ್ಯವಾದುದನ್ನು ಮೂರು ಸಲ ಹೇಳಿ. ಕೊನೆಗೆ ಮತ್ತೆ ಸ್ವಲಾತ್, ಆಮೀನ್. ಧ್ವನಿ ಮೆಲ್ಲಗಿರಲಿ, "ವಿನಮ್ರತೆಯಿಂದಲೂ ಗುಟ್ಟಾಗಿಯೂ ಕರೆಯಿರಿ" ಎಂದು ಕುರ್‌ಆನ್‌ನ 7:55ರಲ್ಲಿದೆ (7ನೇ ಅಧ್ಯಾಯ, 55ನೇ ಸೂಕ್ತ). ವುಳೂ (ಅಂಗಶುದ್ಧಿ) ಮತ್ತು ಕಿಬ್ಲಾಕ್ಕೆ (ಕಅಬಾದ ದಿಕ್ಕಿಗೆ) ಮುಖ ಮಾಡುವುದು ಉತ್ತಮ, ಆದರೆ ಕಡ್ಡಾಯವಲ್ಲ.

"ನಿನಗೆ ಇಷ್ಟವಿದ್ದರೆ ಕೊಡು" ಎಂದು ಕೇಳಬಾರದು. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಪ್ರವಾದಿಯವರು(ಸ) ಇದನ್ನು ತಡೆದು, ದೃಢವಾಗಿ ಕೇಳಿ, ಅಲ್ಲಾಹನನ್ನು ಒತ್ತಾಯಿಸಬಲ್ಲವರು ಯಾರೂ ಇಲ್ಲ ಎಂದಿದ್ದಾರೆ. ಹಾಗೆ ಕೇಳುವುದು ವಿನಯದಂತೆ ಕಂಡರೂ ಅದರ ಒಳಗೆ ಅರೆಮನಸ್ಸಿದೆ.

ಸಾಲದ ವಿಷಯವಾದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಮುಸ್ಲಿಮ್ ಎಂಬ ಇನ್ನೊಂದು ಹದೀಸ್ ಸಂಗ್ರಹದಲ್ಲಿ ದೂರ ಪ್ರಯಾಣದಲ್ಲಿ ಕೂದಲು ಕೆದರಿ ಧೂಳು ಮೆತ್ತಿದ ವ್ಯಕ್ತಿಯೊಬ್ಬನ ವರ್ಣನೆ ಬರುತ್ತದೆ. ಅವನು ಕೈ ಎತ್ತಿ "ಯಾ ರಬ್ಬ್, ಯಾ ರಬ್ಬ್" (ಓ ಪ್ರಭುವೇ) ಎನ್ನುತ್ತಾನೆ. ಪ್ರಯಾಣಿಕನ ದುಆಗೆ ವಿಶೇಷ ಸ್ಥಾನವಿದೆ, ಕೈಯೂ ಮೇಲಿದೆ, ಬಾಯಲ್ಲಿ ರಬ್ಬನ ಹೆಸರೂ ಇದೆ. ಆದರೆ ಅವನು ತಿಂದದ್ದು ಹರಾಮ್ (ನಿಷಿದ್ಧ), ಕುಡಿದದ್ದು ಹರಾಮ್, ಉಟ್ಟದ್ದು ಹರಾಮ್, "ಮತ್ತೆ ಅವನಿಗೆ ಉತ್ತರ ಸಿಗುವುದಾದರೂ ಹೇಗೆ?" ಎಂದು ಹದೀಸ್ ಮುಗಿಯುತ್ತದೆ. ನಿಮ್ಮ ಸಂಪಾದನೆಯ ಬಗ್ಗೆ ನಮಗೆ ಯಾವ ಸಂಶಯವೂ ಇಲ್ಲ. ಆದರೆ ಹಳೆ ಸಾಲ ತೀರಿಸಲು ಬಡ್ಡಿಗೆ ಹೊಸ ಸಾಲ ಎತ್ತುವ ದಾರಿಯಲ್ಲಿದ್ದರೆ ಅದನ್ನು ನಿಲ್ಲಿಸಿ. ಮುರಿದುಬಿದ್ದ ರಕ್ತಸಂಬಂಧವಿದ್ದರೆ ಸರಿಪಡಿಸಿಕೊಳ್ಳಿ.

ಇಷ್ಟೆಲ್ಲ ಸರಿಯಿದ್ದೂ ತಡವಾದರೆ? ಅಬೂ ಸಈದ್ ಅಲ್‌ಖುದ್ರಿ(ರ) ವರದಿ ಮಾಡಿದಂತೆ, ಪಾಪದ ಮತ್ತು ಸಂಬಂಧ ಕಡಿಯುವ ಬೇಡಿಕೆಯಲ್ಲದ ಪ್ರತಿ ದುಆಗೂ ಮೂರರಲ್ಲಿ ಒಂದು ಸಿಗುತ್ತದೆ: ಕೇಳಿದ್ದು ಇಲ್ಲೇ ಬೇಗ ಸಿಗಬಹುದು, ಪರಲೋಕಕ್ಕೆ ಉಳಿತಾಯವಾಗಬಹುದು, ಅಥವಾ ಅಷ್ಟೇ ತೂಕದ ಒಂದು ಕೇಡು ತಪ್ಪಬಹುದು. ತಪ್ಪಿದ ಕೇಡು ನಮ್ಮ ಕಣ್ಣಿಗೆ ಕಾಣುವುದಿಲ್ಲ. "ಎಷ್ಟು ಕೇಳಿದರೂ ಸಿಗಲಿಲ್ಲ" ಎಂದು ಬೇಸತ್ತು ಕೈಬಿಡುವುದನ್ನೇ ಹದೀಸ್ ಅವಸರ ಎಂದು ಕರೆದಿದೆ. ನೀವು ಎರಡು ವರ್ಷ ಬಿಡದೆ ಕೇಳಿದ್ದೀರಿ. ಈಗ ನಿಲ್ಲಿಸಬೇಡಿ.

ಸಾಲಕ್ಕೆಂದೇ ಅಲೀ(ರ) ಅವರು ಕಲಿಸಿಕೊಟ್ಟ, ಪ್ರವಾದಿಯವರಿಂದ(ಸ) ಬಂದ ದುಆ ಹೀಗಿದೆ: "ಅಲ್ಲಾಹುಮ್ಮಕ್‌ಫಿನೀ ಬಿಹಲಾಲಿಕ ಅನ್ ಹರಾಮಿಕ, ವ ಅಗ್‌ನಿನೀ ಬಿಫಳ್‌ಲಿಕ ಅಮ್ಮನ್ ಸಿವಾಕ್." ಹರಾಮ್‌ನತ್ತ ಹೋಗದಂತೆ ನಿನ್ನ ಹಲಾಲ್‌ನಲ್ಲೇ ನನಗೆ ಸಾಕಾಗಿಸು, ನಿನ್ನ ಅನುಗ್ರಹದಿಂದ ಬೇರೆ ಯಾರ ಹಂಗೂ ನನಗೆ ಬೇಡವಾಗಿಸು ಎಂದರ್ಥ. ಜೊತೆಗೆ ಕೈಯ ಕೆಲಸವೂ ನಡೆಯಲಿ. ಯಾರಿಗೆ ಎಷ್ಟು ಕೊಡಬೇಕೆಂದು ಬರೆದಿಡಿ. ಕುರ್‌ಆನ್‌ನ ಅತಿ ಉದ್ದದ ಸೂಕ್ತ (2:282) ಸಾಲ ಬರೆದಿಡುವ ಬಗ್ಗೆಯೇ ಇದೆ. ಸಾಲ ಕೊಟ್ಟವರ ಬಳಿ ನೀವೇ ಹೋಗಿ ಸಮಯ ಕೇಳಿ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು 2:280 ಹೇಳುತ್ತದೆ. ಝಕಾತ್‌ಗೆ (ಕಡ್ಡಾಯ ದಾನಕ್ಕೆ) ಅರ್ಹರಾದ ಎಂಟು ವರ್ಗಗಳಲ್ಲಿ (9:60) ಸಾಲದಲ್ಲಿ ಸಿಲುಕಿದವರದೂ ಒಂದು. ಊರಿನ ಜಮಾಅತ್‌ನ (ಮಸೀದಿ ಸಮುದಾಯದ) ಜವಾಬ್ದಾರಿಯುತರಿಗೆ ವಿಷಯ ತಿಳಿಸಲು ನಾಚಿಕೊಳ್ಳಬೇಡಿ, ಅದು ಭಿಕ್ಷೆಯಲ್ಲ.

ಪ್ರಶ್ನೆ: ದುಆ ಸ್ವೀಕಾರವಾಗುವ ಸಮಯಗಳು ಯಾವುವು? "ರಾತ್ರಿಯ ಕೊನೆಯ ಮೂರನೇ ಒಂದು ಭಾಗ" ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವುದು ಹೇಗೆ?
– ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಮಗ್ರಿಬ್‌ನಿಂದ (ಸೂರ್ಯಾಸ್ತದಿಂದ) ಸುಬ್‌ಹಿಯ (ಮುಂಜಾವಿನ ನಮಾಝಿನ) ಬಾಂಗ್‌ವರೆಗಿನ ಸಮಯವನ್ನು ಮೂರು ಪಾಲು ಮಾಡಿ. ಮಗ್ರಿಬ್ 6.30ಕ್ಕೆ, ಸುಬ್‌ಹಿ 5 ಗಂಟೆಗೆ ಎಂದಿಟ್ಟುಕೊಂಡರೆ ರಾತ್ರಿ ಹತ್ತೂವರೆ ಗಂಟೆಯದು, ಒಂದು ಪಾಲು ಮೂರೂವರೆ ಗಂಟೆ. ಕೊನೆಯ ಪಾಲು 1.30ಕ್ಕೆ ಶುರುವಾಗುತ್ತದೆ. ಗಡಿಯಾರದ 12 ಗಂಟೆಯಿಂದ ಲೆಕ್ಕ ಹಾಕಿದರೆ ತಪ್ಪುತ್ತದೆ. ಪರೀಕ್ಷೆಯ ದಿನಗಳಲ್ಲಿ ಅಷ್ಟು ಹೊತ್ತಿಗೆ ಏಳುವುದು ಕಷ್ಟವಾದರೆ ಸುಬ್‌ಹಿಗೆ ಇಪ್ಪತ್ತು ನಿಮಿಷ ಮೊದಲು ಎದ್ದರೂ ಆ ಸಮಯದ ಒಳಗೇ ಇರುತ್ತೀರಿ.

ಉಳಿದ ಸಮಯಗಳು: ಬಾಂಗ್ ಮತ್ತು ಇಕಾಮತ್‌ನ (ನಮಾಝ್ ಶುರುವಾಗುವಾಗಿನ ಕರೆಯ) ನಡುವೆ, ಸುಜೂದ್‌ನಲ್ಲಿ (ಹಣೆ ನೆಲಕ್ಕಿಟ್ಟು ಬಾಗಿದಾಗ), ಉಪವಾಸಿಗ ಉಪವಾಸ ತೊರೆಯುವವರೆಗೆ, ಹಜ್ಜ್‌ನ ಮುಖ್ಯ ದಿನವಾದ ಅರಫಾ ದಿನ. ಶುಕ್ರವಾರದ ವಿಶೇಷ ಗಳಿಗೆಯ ಬಗ್ಗೆ ಎರಡು ಪ್ರಬಲ ಅಭಿಪ್ರಾಯಗಳಿವೆ. ಇಮಾಮರು ಮಿಂಬರ್‌ನಲ್ಲಿ (ಪ್ರವಚನ ಪೀಠದಲ್ಲಿ) ಕುಳಿತಲ್ಲಿಂದ ನಮಾಝ್ ಮುಗಿಯುವವರೆಗೆ ಎಂಬುದು ಒಂದು, ಅಸ್ರ್ (ಇಳಿಹೊತ್ತಿನ ನಮಾಝ್) ನಂತರದ ಕೊನೆಯ ಗಳಿಗೆ ಎಂಬುದು ಇನ್ನೊಂದು. ಎರಡರಲ್ಲೂ ಕೇಳಿ, ನಷ್ಟವೇನಿಲ್ಲ. ಬಾಂಗ್ ಆದ ಮೇಲೆ ಜಮಾಅತ್ (ಸಾಮೂಹಿಕ ನಮಾಝ್) ನಿಲ್ಲುವವರೆಗಿನ ಹತ್ತು ನಿಮಿಷ ದಿನಕ್ಕೆ ಐದು ಸಲ ಸಿಗುತ್ತದೆ. ಅದು ಮಸೀದಿಯ ಅಂಗಳದ ಹರಟೆಯಲ್ಲಿ ಕಳೆದುಹೋಗುವುದು ಬೇಸರದ ಸಂಗತಿ.

ಮುಟ್ಟಿನ ದಿನಗಳಲ್ಲಿ ದುಆ ನಿಲ್ಲಿಸಬೇಕೇ ಎಂದೂ ಕೇಳಿದ್ದೀರಿ. ಬೇಡ. ನಮಾಝ್ ಮತ್ತು ಕುರ್‌ಆನ್ ಪಾರಾಯಣವಿಲ್ಲ ಅಷ್ಟೆ. ದುಆ, ದಿಕ್ರ್, ಸ್ವಲಾತ್ ಎಲ್ಲವೂ ಆಗುತ್ತದೆ. "ರಬ್ಬನಾ ಆತಿನಾ..." (2:201), "ರಬ್ಬಿ ಝಿದ್‌ನೀ ಇಲ್‌ಮಾ" (20:114) ಮುಂತಾದ ಕುರ್‌ಆನ್‌ನ ದುಆಗಳನ್ನು ಪಾರಾಯಣದ ಉದ್ದೇಶವಿಲ್ಲದೆ ದುಆ ಎಂದೇ ಹೇಳಬಹುದು.

ಪ್ರಶ್ನೆ: ಅರಬಿ ಬಾರದು. ಕನ್ನಡ ಲಿಪಿಯಲ್ಲಿ ಬರೆದ ದುಆ ಪುಸ್ತಕ ನೋಡಿ ಓದುತ್ತೇನೆ. ಕನ್ನಡದಲ್ಲಿ, ಬ್ಯಾರಿಯಲ್ಲಿ ಕೇಳಿದರೆ ಆಗುತ್ತದೆಯೇ?
– ಗೃಹಿಣಿ, ಕಾಪು

ಉತ್ತರ: ನಮಾಝಿನ ಹೊರಗೆ ಯಾವ ಭಾಷೆಯಲ್ಲಾದರೂ ಕೇಳಿ, ತಾಯಿ. ಮಗನ ಜ್ವರ, ಮನೆಯ ಬಾಡಿಗೆ, ಗಲ್ಫ್‌ನಲ್ಲಿರುವ ಗಂಡನ ವೀಸಾ ಎಲ್ಲವನ್ನೂ ಅಡುಗೆಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಹೇಳಿಕೊಳ್ಳಿ. ಆದರೆ ನಮಾಝಿನ ಒಳಗೆ, ಸುಜೂದ್ ಇರಲಿ, ಕುಳಿತು ಓದುವ ಅತ್ತಹಿಯ್ಯಾತ್‌ನ ನಂತರವಿರಲಿ, ಅರಬಿಯಲ್ಲೇ ಆಗಬೇಕು. ಸ್ವಂತವಾಗಿ ಕಟ್ಟಿದ ದುಆವನ್ನು ಬೇರೆ ಭಾಷೆಯಲ್ಲಿ ನಾಲಿಗೆಯಿಂದ ಹೇಳಿದರೆ ಶಾಫಿಈ ಮದ್‌ಹಬ್ ಪ್ರಕಾರ ನಮಾಝೇ ಅಸಿಂಧುವಾಗುತ್ತದೆ. ನಮಾಝಿನಲ್ಲಿ ಹೇಳಲು ಒಂದೇ ಒಂದು ದುಆ ಕಲಿಯುವುದಾದರೆ "ರಬ್ಬನಾ ಆತಿನಾ ಫಿದ್ದುನ್ಯಾ ಹಸನತನ್ ವ ಫಿಲ್ ಆಖಿರತಿ ಹಸನತನ್ ವಖಿನಾ ಅದಾಬನ್ನಾರ್" ಕಲಿಯಿರಿ. ಇಹ ಪರ ಎರಡೂ ಅದರಲ್ಲಿವೆ.

ಕನ್ನಡ ಲಿಪಿಯ ಪುಸ್ತಕ ನೆನಪಿಗೆ ಮಾತ್ರ ಸಾಕು, ಕಲಿಯಲು ಸಾಲದು. ಅರಬಿಯ ಎರಡು ಬೇರೆ ಬೇರೆ 'ಹ'ಗಳಿಗೆ, ಮೂರು 'ಸ'ದಂತಹ ಅಕ್ಷರಗಳಿಗೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಬೀಳುತ್ತದೆ. ಗಂಟಲಿನ ಆಳದಿಂದ ಬರುವ 'ಐನ್' ಬರಿಯ 'ಅ' ಆಗಿಬಿಡುತ್ತದೆ. ಮದ್ರಸಕ್ಕೆ ಹೋಗುವ ನಿಮ್ಮ ಮಗಳಿಂದಲೇ ವಾರಕ್ಕೊಂದು ದುಆ ಬಾಯಿಯಿಂದ ಬಾಯಿಗೆ ಕಲಿಯಿರಿ. ಮಕ್ಕಳ ಮುಂದೆ ಕಲಿಯಲು ಕೂರುವುದರಲ್ಲಿ ಸಣ್ಣತನವಿಲ್ಲ.

ಪ್ರಶ್ನೆ: ನಾನು ಶಾಫಿಈ. ಕೆಲಸದ ಊರಿನ ಮಸೀದಿಯ ಇಮಾಮರು ಹನಫಿ. ಸುಬ್‌ಹಿಯಲ್ಲಿ ಕುನೂತ್ (ನಮಾಝಿನಲ್ಲಿ ನಿಂತು ಓದುವ ದುಆ) ಓದುವುದಿಲ್ಲ. ನಾನೇನು ಮಾಡಬೇಕು?
– ಓದುಗರೊಬ್ಬರು, ಕುಂದಾಪುರ

ಉತ್ತರ: ಶಾಫಿಈಗಳಿಗೆ ಸುಬ್‌ಹಿಯ ಎರಡನೇ ರಕಅತ್‌ನಲ್ಲಿ (ನಮಾಝಿನ ಒಂದು ಸುತ್ತು) ರುಕೂಇನಿಂದ (ಬಾಗಿದ ಸ್ಥಿತಿಯಿಂದ) ಎದ್ದ ಮೇಲೆ "ಅಲ್ಲಾಹುಮ್ಮಹ್‌ದಿನೀ ಫೀಮನ್ ಹದೈತ್..." ಎಂಬ ಕುನೂತ್ ಸುನ್ನತ್ (ಕಡ್ಡಾಯವಲ್ಲದಿದ್ದರೂ ಪುಣ್ಯದ ಆಚರಣೆ). ಒಬ್ಬರೇ ನಮಾಝ್ ಮಾಡುವಾಗ ಮರೆತರೆ ನಮಾಝ್ ಕೆಡುವುದಿಲ್ಲ, ಸಲಾಂಗೆ ಮೊದಲು ಸಹ್ವ್‌ನ (ಮರೆವಿನ) ಎರಡು ಸುಜೂದ್ ಮಾಡಿದರಾಯಿತು. ಹನಫಿ ಇಮಾಮರ ಹಿಂದಿದ್ದಾಗ, ಚಿಕ್ಕದಾಗಿ ಓದಿ ಅವರ ಮೊದಲ ಸುಜೂದ್‌ನಲ್ಲೇ ಸೇರಿಕೊಳ್ಳಲು ಆಗುವುದಾದರೆ ಓದಿ. ಆಗದಿದ್ದರೆ ಬಿಟ್ಟು ಅವರನ್ನು ಹಿಂಬಾಲಿಸಿ. ಶಾಫಿಈ ಇಮಾಮರ ಹಿಂದೆ ನಿಂತ ಹನಫಿಗಳು ಆ ಹೊತ್ತಿನಲ್ಲಿ ಸುಮ್ಮನೆ ನಿಂತರೆ ಸಾಕು. ಅವರ ಕುನೂತ್ ರಾತ್ರಿಯ ವಿತ್ರ್ ನಮಾಝಿನ ಮೂರನೇ ರಕಅತ್‌ನಲ್ಲಿ, ರುಕೂಇಗೆ ಮೊದಲು. ಎರಡೂ ಕ್ರಮಗಳಿಗೆ ಆಧಾರವಿದೆ. ಇದಕ್ಕಾಗಿ ಜಮಾಅತ್ ಬಿಡಬೇಡಿ.

ಪ್ರಶ್ನೆ: ತಂಗಿಗೆ ಸಂಬಂಧ ಬಂದಿದೆ. ಇಸ್ತಿಖಾರ (ಒಳಿತಿನ ದಾರಿ ಕೋರುವ ನಮಾಝ್ ಮತ್ತು ದುಆ) ಮಾಡಿದೆವು, ಕನಸೇನೂ ಬೀಳಲಿಲ್ಲ. ಉಸ್ತಾದರಿಂದ (ಧರ್ಮಗುರುಗಳಿಂದ) ಮಾಡಿಸಬೇಕೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಕನಸು ಬೀಳಬೇಕೆಂದು ಹದೀಸ್‌ನಲ್ಲಿಲ್ಲ. ಜಾಬಿರ್(ರ) ವರದಿ ಮಾಡಿದಂತೆ, ಕುರ್‌ಆನ್‌ನ ಅಧ್ಯಾಯ ಕಲಿಸುವ ಹಾಗೆ ಪ್ರವಾದಿಯವರು(ಸ) ಸಹಾಬಿಗಳಿಗೆ (ತಮ್ಮ ಸಂಗಾತಿಗಳಿಗೆ) ಇಸ್ತಿಖಾರ ಕಲಿಸುತ್ತಿದ್ದರು. ಯಾರಿಗೆ ವಿಷಯವೋ ಅವರೇ ಮಾಡಬೇಕೆಂಬುದು ಇದರಿಂದಲೇ ಸ್ಪಷ್ಟ. ಮದುವೆ ತಂಗಿಯದು, ಹಾಗಾಗಿ ಮೊದಲು ಕೂರಬೇಕಾದವಳು ಅವಳೇ.

ಫರ್ಳ್ ಅಲ್ಲದ ಎರಡು ರಕಅತ್ ನಮಾಝ್. ಮೊದಲ ರಕಅತ್‌ನಲ್ಲಿ ಫಾತಿಹಾದ ನಂತರ ಅಲ್‌ಕಾಫಿರೂನ್, ಎರಡನೆಯದರಲ್ಲಿ ಅಲ್‌ಇಖ್‌ಲಾಸ್ ಓದುವುದು ಒಳ್ಳೆಯದು. ಸಲಾಂ ನಂತರ "ಅಲ್ಲಾಹುಮ್ಮ ಇನ್ನೀ ಅಸ್ತಖೀರುಕ ಬಿಇಲ್‌ಮಿಕ..." ದುಆ. ಅದರಲ್ಲಿ "ಹಾದಲ್ ಅಮ್ರ್" (ಈ ವಿಷಯ) ಬರುವ ಎರಡು ಕಡೆಯೂ ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬಾಯಿಪಾಠ ಬಾರದಿದ್ದರೆ ನೋಡಿ ಓದಲಿ. ಸುಬ್‌ಹಿ ನಮಾಝಿನ ನಂತರ ಸೂರ್ಯ ಮೇಲೇರುವವರೆಗೆ, ಅಸ್ರ್ ನಂತರ ಮಗ್ರಿಬ್‌ವರೆಗೆ ಈ ನಮಾಝ್ ಬೇಡ. ಮುಟ್ಟಿನಲ್ಲಿದ್ದರೆ ದುಆ ಮಾತ್ರ ಸಾಕು.

ಬಳಿಕ ಹುಡುಗನ ನಡತೆ, ದುಡಿಮೆ, ಮನೆಯವರ ಸ್ವಭಾವ ವಿಚಾರಿಸಿ, ತಿಳಿದವರ ಸಲಹೆ ಪಡೆದು ಮುಂದುವರಿಯಿರಿ. ಒಳಿತಿದ್ದರೆ ದಾರಿ ಸುಲಭವಾಗುತ್ತದೆ, ಕೆಡುಕಿದ್ದರೆ ತಾನಾಗಿ ತಪ್ಪಿಹೋಗುತ್ತದೆ. ಆ ದುಆದಲ್ಲಿ ಕೇಳುವುದೂ ಅದನ್ನೇ. ತಂಗಿಯ ಮನಸ್ಸಿಗೆ ಒಪ್ಪದ ಸಂಬಂಧವನ್ನು "ಇಸ್ತಿಖಾರದಲ್ಲಿ ಬಂದಿದೆ" ಎಂದು ಹೇರುವುದು ದೊಡ್ಡ ಅನ್ಯಾಯ.

ಪ್ರಶ್ನೆ: ನಮ್ಮ ಮನೆಯವರು ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಗಾಳಿ ಎದ್ದರೆ ಜೀವ ನಿಲ್ಲುವುದಿಲ್ಲ. ಸಿಟ್ಟಿನಲ್ಲಿ ಮಕ್ಕಳಿಗೂ ಕೆಟ್ಟ ಮಾತು ಬಂದುಬಿಡುತ್ತದೆ. ಆಗ ಹೇಳಬೇಕಾದ ದುಆ ತಿಳಿಸಿ.
– ಸಹೋದರಿ, ಮಲ್ಪೆ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಕ್ಕೆಯಲ್ಲಿ ನಿಂತಿರುವಾಗಲೂ ನಾಡದೋಣಿಗಳು ಕಡಲಿಗಿಳಿಯುತ್ತವೆ. ನಿಮ್ಮ ಆತಂಕ ಅರ್ಥವಾಗುತ್ತದೆ, ತಂಗಿ. ದೋಣಿ ಹತ್ತುವಾಗ ಅವರು "ಬಿಸ್ಮಿಲ್ಲಾಹಿ ಮಜ್‌ರೇಹಾ ವ ಮುರ್‌ಸಾಹಾ, ಇನ್ನ ರಬ್ಬೀ ಲಗಫೂರುರ್ರಹೀಮ್" ಎನ್ನಲಿ. ನೂಹ್(ಅ) ನಾವೆ ಹತ್ತಿಸುವಾಗ ಹೇಳಿದ ಮಾತಿದು (11:41): ಇದರ ಓಟವೂ ನಿಲುಗಡೆಯೂ ಅಲ್ಲಾಹನ ಹೆಸರಿನಲ್ಲಿ.

ಗಾಳಿ ಎದ್ದಾಗ ಗಾಳಿಯನ್ನು ಬೈಯಬಾರದು. "ಅಲ್ಲಾಹುಮ್ಮ ಇನ್ನೀ ಅಸ್‌ಅಲುಕ ಖೈರಹಾ ವ ಖೈರ ಮಾ ಫೀಹಾ ವ ಖೈರ ಮಾ ಉರ್‌ಸಿಲತ್ ಬಿಹ್, ವ ಅಊದು ಬಿಕ ಮಿನ್ ಶರ್ರಿಹಾ ವ ಶರ್ರಿ ಮಾ ಫೀಹಾ ವ ಶರ್ರಿ ಮಾ ಉರ್‌ಸಿಲತ್ ಬಿಹ್" ಎಂದು ಅದರ ಒಳಿತನ್ನು ಬೇಡಿ, ಕೆಡುಕಿನಿಂದ ಅಭಯ ಕೇಳಬೇಕು.

ಮಳೆ ಶುರುವಾದಾಗ "ಅಲ್ಲಾಹುಮ್ಮ ಸಯ್ಯಿಬನ್ ನಾಫಿಆ", ಉಪಕಾರವಾಗುವ ಮಳೆಯಾಗಲಿ ಎಂದು. ವಿಪರೀತವಾದಾಗಿನ ದುಆಗೆ ಒಂದು ಹಿನ್ನೆಲೆಯಿದೆ. ಬರಗಾಲದಲ್ಲಿ ಒಬ್ಬರು ಶುಕ್ರವಾರದ ಖುತುಬಾದ (ಪ್ರವಚನದ) ನಡುವೆ ಬಂದು ಮಳೆಗಾಗಿ ದುಆ ಮಾಡಲು ಪ್ರವಾದಿಯವರನ್ನು(ಸ) ಕೇಳಿದರು. ಮಳೆ ಬಂತು, ವಾರವಾದರೂ ನಿಲ್ಲಲಿಲ್ಲ. ಮುಂದಿನ ಶುಕ್ರವಾರ ಆಸ್ತಿ ಹಾಳಾಯಿತು, ದಾರಿ ಕಡಿದುಹೋಯಿತು ಎಂಬ ದೂರು ಬಂತು. ಆಗ ಪ್ರವಾದಿಯವರು(ಸ) ಕೈ ಎತ್ತಿ "ಅಲ್ಲಾಹುಮ್ಮ ಹವಾಲೈನಾ ವಲಾ ಅಲೈನಾ" ಎಂದರು: ನಮ್ಮ ಸುತ್ತಮುತ್ತ ಸುರಿಯಲಿ, ನಮ್ಮ ಮೇಲೆ ಬೇಡ, ಬೆಟ್ಟಗಳ ಮೇಲೆ, ಕಣಿವೆಗಳಲ್ಲಿ, ಮರಗಿಡ ಬೆಳೆಯುವಲ್ಲಿ. ಮಳೆಯೇ ಬೇಡ ಎನ್ನಲಿಲ್ಲ ನೋಡಿ. ನಮ್ಮ ಆಟಿ ತಿಂಗಳ ಮಳೆಗೆ ಇದಕ್ಕಿಂತ ತಕ್ಕ ದುಆ ಇಲ್ಲ.

ಮಕ್ಕಳ ವಿಷಯ. "ಹಾಳಾಗಿ ಹೋಗು", "ನಿನಗೆ ಒಳ್ಳೇದಾಗಲಿಕ್ಕಿಲ್ಲ" ಇವೂ ದುಆಗಳೇ. ನಿಮ್ಮ ಮೇಲೆ, ಮಕ್ಕಳ ಮೇಲೆ, ಸೊತ್ತಿನ ಮೇಲೆ ಕೇಡು ಬೇಡಬೇಡಿ, ಅದು ಸ್ವೀಕಾರದ ಗಳಿಗೆಯಾಗಿಬಿಟ್ಟೀತು ಎಂದು ಮುಸ್ಲಿಮ್‌ನ ಹದೀಸ್ ಎಚ್ಚರಿಸುತ್ತದೆ. ಸಿಟ್ಟು ಬರುವುದು ಸಹಜ. "ಅಲ್ಲಾಹ್ ನಿನಗೆ ಬುದ್ಧಿ ಕೊಡಲಿ" ಎಂದು ಗದರಿಸಿ. ಅದೂ ಬೈಗುಳವೇ, ಆದರೆ ಒಳ್ಳೆಯ ದುಆ.

ಇನ್ನು ಒಂಟೆಯನ್ನು ಕಟ್ಟಲೋ, ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಟ್ಟುಬಿಡಲೋ ಎಂದು ಕೇಳಿದವರಿಗೆ ಪ್ರವಾದಿಯವರು(ಸ) "ಕಟ್ಟಿ, ಆಮೇಲೆ ಭರವಸೆಯಿಡಿ" ಎಂದರು. ಹವಾಮಾನ ಇಲಾಖೆ ಕಡಲಿಗಿಳಿಯಬೇಡಿ ಎಂದ ದಿನ ಅವರನ್ನು ಕಳುಹಿಸಬೇಡಿ. ಕಳುಹಿಸುವ ದಿನ ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿರದೆ ಮೈಮೇಲಿರಲಿ, ಮೊಬೈಲ್ ಚಾರ್ಜ್ ಆಗಿರಲಿ.