ವೋಲ್ಟ್ ಬಿಡಿ, ಬ್ಯಾಟರಿ ಒಳಗೆ ಏನಿದೆ ನೋಡಿ

ವೈರಿನ ಏಳಿಂಚಿನ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಮರ ಕೊಯ್ಯುವ ಮಿಷನ್) ಮಾರಿ ಬ್ಯಾಟರಿ ಸಾ ತಗೊಳ್ಳಲಾ, 18 ವೋಲ್ಟಾ 21 ವೋಲ್ಟಾ, ಸೈಟಿನ ಮರ ಕೊಯ್ಯುವಷ್ಟು ಪವರ್ ಇರುತ್ತದಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ಅಂಗಡಿಗೆ ಹೋಗಿದ್ದವನು. ಕೇಳಬೇಕಾದ್ದು ಇದಲ್ಲ ಅಂತ ಗೊತ್ತಾಗಿದ್ದು ಮನೆಯ ಮಾಡು (ಛಾವಣಿ) ಹತ್ತಿದ ಮೇಲೆ.

ನಮ್ಮದು ತೀರ್ಥಹಳ್ಳಿ ಕಡೆ. ಹೆಂಚಿನ ಮಾಡಿನ ಕೆಲಸ ಜಾಸ್ತಿ. ಮಳೆಗಾಲಕ್ಕೆ ಮುಂಚೆ ಹಳೇ ಹೆಂಚು ಇಳಿಸಿ, ಹುಳ ತಿಂದ ರೀಪು (ಹೆಂಚು ಕೂರುವ ಪಟ್ಟಿ), ಪಕ್ಕಾಸು (ರೀಪಿನ ಕೆಳಗಿನ ಇಳಿಜಾರು ಮರ) ಬದಲಿಸಿ ಮತ್ತೆ ಮುಚ್ಚಬೇಕು. ಈ ಕೆಲಸದಲ್ಲಿ ವೈರ್ ದೊಡ್ಡ ಪೀಡೆ. ಒಬ್ಬ ಮೇಲೆ ಕೊಯ್ಯುತ್ತಿದ್ದರೆ ಇನ್ನೊಬ್ಬ ಕೆಳಗೆ ವೈರ್ ಬಿಡುತ್ತಾ ನಿಂತಿರಬೇಕು. ಅದು ಹೆಂಚಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ತೊಡರುತ್ತದೆ. ಪಕ್ಕಾಸು ಹೊಡೆದು ಮುಗಿಸಿ, ನೂಲು ಹಿಡಿದು ಸೂರಿನ ತುದಿಗಳನ್ನು ಒಂದೇ ಸಾಲಿಗೆ ಕೊಯ್ಯುವಾಗಂತೂ ಒಂದು ಕೈ ಮರಕ್ಕೆ, ಒಂದು ಕೈ ಮಿಷನ್ನಿಗೆ. ವೈರ್ ನೋಡಿಕೊಳ್ಳುವುದಕ್ಕೆ ಮೂರನೇ ಕೈ ಎಲ್ಲಿಂದ ತರುವುದು?

ನನ್ನ ಹತ್ತಿರ ಆಗಲೇ ಒಂದು ಬ್ಯಾಟರಿ ಡ್ರಿಲ್ ಇತ್ತು, ಅದರ ಜೊತೆ ಬಂದ 2 ಎಎಚ್‌ನ ಎರಡು ಬ್ಯಾಟರಿ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಅದೇ ಕಂಪನಿಯ ಸಾ ಬರೀ ಬಾಡಿ ತಗೊಂಡೆ. ಬ್ಯಾಟರಿ ದುಡ್ಡು ಉಳೀತಲ್ಲ ಅಂತ ಖುಷಿ. ಅಂಗಡಿಯವರು ಪ್ಲೈ ತುಂಡು ಕೊಯ್ದು ತೋರಿಸಿದರು, ಸಲೀಸಾಗಿ ಹೋಯಿತು.

ಮೇ ತಿಂಗಳಲ್ಲಿ ಒಂದು ಹಳೇ ಮನೆ ಮಾಡು ಬಿಚ್ಚಿದ್ದೆವು. ಪಕ್ಕಾಸು ಕಿರಾಲುಬೋಗಿ. ಆ ಮರ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಒಣಗಿದ ಮೇಲೆ ಮೊಳೆಯೇ ಬಾಗುತ್ತದೆ. ಮೊದಲ ತುದಿ ಹೇಗೋ ಹೋಯಿತು. ಆಮೇಲಿನದ್ದರಲ್ಲಿ ಬ್ಲೇಡ್ ನಿಧಾನವಾಯಿತು, ಸುಟ್ಟ ವಾಸನೆ ಬಂತು, ಅರ್ಧದಲ್ಲಿ ನಿಂತಿತು. ಬ್ಯಾಟರಿ ತೆಗೆದರೆ ಅಂಗೈ ಇಡಲಾರದಷ್ಟು ಬಿಸಿ. ಇನ್ನೊಂದು ಹಾಕಿದೆ, ಅದೂ ಅಷ್ಟೇ. ಬಿಸಿಯಾದದ್ದನ್ನು ಚಾರ್ಜಿಗಿಟ್ಟರೆ ಚಾರ್ಜರ್ ಲೈಟ್ ಮಿಣುಕುತ್ತಾ ಕೂತಿತು. ತಣ್ಣಗಾಗುವವರೆಗೆ ಅದು ಚಾರ್ಜ್ ಮಾಡುವುದಿಲ್ಲ, ಹಾಗೆಯೇ ಮಾಡಿರುತ್ತಾರೆ.

ಯಜಮಾನರು ಅಂಗಳದಿಂದ ಕೂಗಿದರು. "ಆಚಾರ್ರೇ, ಮೋಡ ಕವೀತಾ ಇದೆ, ಸಂಜೆಯೊಳಗೆ ಒಂದು ಬದಿಯಾದ್ರೂ ಮುಚ್ಚಿಬಿಡಿ."

"ಆಯ್ತು ಯಜಮಾನ್ರೇ" ಅಂದು ಕೈಗರಗಸ ಹಿಡಿದೆವು. ಮುಗಿಯಲಿಲ್ಲ. ಗಾಳಿಮಳೆ ಬಂತು, ಟಾರ್ಪಾಲು ಕಿತ್ತುಕೊಂಡು ಹೋಯಿತು. ಒಳ್ಳೆ ರೇಟಿಗೆ ಕಾಯುತ್ತಾ ಅಟ್ಟದಲ್ಲಿಟ್ಟಿದ್ದ ಅಡಿಕೆ ಚೀಲ ನೆನೆದವು. ಒದ್ದೆಯಾದ ಅಡಿಕೆಗೆ ಬೂಸ್ಟು ಹಿಡಿದರೆ ಮಂಡಿಯಲ್ಲಿ ಏನು ಬೆಲೆ ಸಿಗುತ್ತದೆ ಹೇಳಿ. ಅವರು ಬಾಯಿಬಿಟ್ಟು ಕೇಳಲಿಲ್ಲ. ನಾನೇ ಕೂಲಿಯಲ್ಲಿ ಮುರಿದುಕೊಂಡೆ.

ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. 18 ವೋಲ್ಟಿನ ಬ್ಯಾಟರಿ ಒಳಗೆ 3.6 ವೋಲ್ಟಿನ ಐದು ಸೆಲ್ ಸಾಲಾಗಿರುತ್ತವೆ. 2 ಎಎಚ್ ಅಂದರೆ ಅಷ್ಟೇ, ಐದು. 5 ಎಎಚ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಹತ್ತು ಸೆಲ್, ಐದೈದರ ಎರಡು ಸಾಲು. ಈಗ ಲೆಕ್ಕ ನೋಡಿ. ಗಟ್ಟಿ ಮರದಲ್ಲಿ ಸಾ 1000 ವ್ಯಾಟ್ ಎಳೆಯಿತು ಅಂದುಕೊಳ್ಳಿ. ಮನೆಯ 230 ವೋಲ್ಟಿನಲ್ಲಾದರೆ ಅದು ನಾಲ್ಕು ಚಿಲ್ಲರೆ ಆಂಪಿಯರ್. 18 ವೋಲ್ಟಿನಲ್ಲಿ 55 ಆಂಪಿಯರ್. ಒಂದೇ ಸಾಲು ಇದ್ದರೆ ಪ್ರತಿ ಸೆಲ್ ಆ 55ನ್ನೂ ಪೂರ್ತಿ ಹೊರಬೇಕು. ಎರಡು ಸಾಲಿದ್ದರೆ ತಲಾ ಅರ್ಧ. ಒಂದು ತೊಲೆಯನ್ನು ಐದು ಜನ ಹೊರುವುದಕ್ಕೂ ಹತ್ತು ಜನ ಹೊರುವುದಕ್ಕೂ ಇರುವಷ್ಟೇ ವ್ಯತ್ಯಾಸ. ಅದಕ್ಕಿಂತ ಮುಖ್ಯ, ಕರೆಂಟ್ ಅರ್ಧವಾದರೆ ಸೆಲ್ಲಿನ ಬಿಸಿ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ನನ್ನ ಪುಟ್ಟ ಬ್ಯಾಟರಿಯಲ್ಲಿ ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತಿತ್ತು, ಒಳಗಿನ ಸರ್ಕ್ಯೂಟ್ ಸೆಲ್ ಉಳಿಸಲು ಕಟ್ ಮಾಡುತ್ತಿತ್ತು. ಸಾ ಚೆನ್ನಾಗಿಯೇ ಇತ್ತು. ಅದೇ ಬಾಡಿಗೆ ಆಮೇಲೆ 5 ಎಎಚ್ ಹಾಕಿದೆ, ಕಿರಾಲುಬೋಗಿಯನ್ನೇ ಕೊಯ್ಯಿತು. 2 ಎಎಚ್ ಡ್ರಿಲ್ಲಿಗೆ ಇರಲಿ. ಸಾಗೆ ಬೇಡ.

ಬ್ಲೇಡೂ ತಪ್ಪಾಗಿತ್ತು. ಲ್ಯಾಮಿನೇಟ್ ಎದ್ದು ಬರಬಾರದು ಅಂತ 40 ಹಲ್ಲಿನದ್ದು ಹಾಕಿಟ್ಟಿದ್ದೆ. ಪ್ಲೈಗೆ ಅದೇ ಸರಿ. ದಪ್ಪ ಮರಕ್ಕೆ ಹಾಕಿದರೆ ಹಲ್ಲಿನ ಸಂದಿಯಲ್ಲಿ ಹೊಟ್ಟು ತುಂಬಿ ಉಜ್ಜುತ್ತದೆ, ಮರ ಕಪ್ಪಾಗುತ್ತದೆ. ಪಕ್ಕಾಸಿಗೆ 24 ಹಲ್ಲಿನ ತೆಳು ಬ್ಲೇಡ್ ಬೇಕು. ತೆಳು ಬ್ಲೇಡ್ ಕಮ್ಮಿ ಮರ ತಿನ್ನುತ್ತದೆ, ಅಷ್ಟು ಬ್ಯಾಟರಿ ಉಳಿಯುತ್ತದೆ. ಹಳೇ ಮರವಾದರೆ ಮೊದಲು ಮೊಳೆ ಕೀಳಿಸಿ. ಒಂದು ಮೊಳೆ ಸಿಕ್ಕರೂ ಹಲ್ಲಿನ ತುದಿ ಹಾರುತ್ತದೆ.

ಈಗ ನಿಮ್ಮ 18-21. ಎರಡೂ ಒಂದೇ ರೀ. ಅದೇ ಐದು ಸೆಲ್ ಫುಲ್ ಚಾರ್ಜ್ ಆದಾಗ ತಲಾ 4.2 ವೋಲ್ಟ್, ಒಟ್ಟು 21. ಕೆಲವರು 18 ಅಂತ ಬರೆಯುತ್ತಾರೆ, ಕೆಲವರು 21. ಡಿವಾಲ್ಟ್‌ನವರು ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುವುದನ್ನೇ ಯುರೋಪಿನಲ್ಲಿ 18 ಅಂತ ಮಾರುತ್ತಾರೆ. ಆನ್‌ಲೈನಿನಲ್ಲಿ ಅಗ್ಗದ ಬ್ಯಾಟರಿ ಮೇಲೆ 88 ವಿಎಫ್, 128 ವಿಎಫ್ ಅಂತ ಇರುತ್ತದೆ ನೋಡಿ, ಅದು ವೋಲ್ಟ್ ಅಂತ ನಂಬಬೇಡಿ. ನಿಜವಾಗಿ ಜಾಸ್ತಿ ವೋಲ್ಟ್ ಬೇಕಿದ್ದರೆ ಮಕಿಟಾದಲ್ಲಿ ಎರಡು 18ರ ಬ್ಯಾಟರಿ ಒಟ್ಟಿಗೆ ಹಾಕುವ 36 ವೋಲ್ಟಿನ ಸಾ ಇದೆ. ಭಾರ, ದುಬಾರಿ.

ಹಳೇ ವೈರ್ ಸಾ ಮಾತ್ರ ಮಾರಬೇಡಿ. ಇಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. 5 ಎಎಚ್ ಬ್ಯಾಟರಿಯಲ್ಲಿರುವುದು 90 ವ್ಯಾಟ್-ಅವರ್. 1200 ವ್ಯಾಟ್ ಬಿಡದೆ ಎಳೆದರೆ ನಾಲ್ಕೂವರೆ ನಿಮಿಷಕ್ಕೆ ಖಾಲಿ. ಪಕ್ಕಾಸು ಅಡ್ಡ ಕೊಯ್ಯುವುದು ಕೆಲವೇ ಸೆಕೆಂಡಿನ ಕೆಲಸ, ನಡುನಡುವೆ ಬಿಡುವು, ಅದಕ್ಕೇ ಅಲ್ಲಿ ಬ್ಯಾಟರಿ ಬಾಳುತ್ತದೆ. ದಿನವಿಡೀ ಎಂಟಡಿ ಪ್ಲೈ ಶೀಟ್ ಸೀಳುವುದು, ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳುವುದು ಬೇರೆಯೇ ಕೆಲಸ. ಅದನ್ನು ಕೆಳಗೆ, ಬೆಂಚಿನ ಮೇಲೆ, ವೈರ್ ಸಾದಲ್ಲೇ ಮಾಡಿ. ಬ್ಯಾಟರಿ ಸಾದ 165 ಎಂಎಂ ಬ್ಲೇಡ್ ಇಳಿಯುವುದೂ 55 ಎಂಎಂ ಆಸುಪಾಸು ಅಷ್ಟೇ. ಮೂರಿಂಚಿನ ಬಾಗಿಲು ಚೌಕಟ್ಟಿನ ಮರವಾದರೆ ತಿರುಗಿಸಿ ಎರಡು ಸಲ ಕೊಯ್ಯಬೇಕು.

ಕರೆಂಟ್ ಹೋಗುವ ಊರಿನವರಿಗೆ ಇನ್ನೊಂದು ಅನುಕೂಲ ಇದೆ. ಮನೆಯ ಸಣ್ಣ ಇನ್ವರ್ಟರಿಗೆ ವೈರ್ ಸಾ ಹಾಕಿದರೆ ಟ್ರಿಪ್ ಆಗುತ್ತದೆ. ಬ್ಯಾಟರಿ ಚಾರ್ಜರ್ ಅದರಲ್ಲೇ ನಡೆಯುತ್ತದೆ.

"ಅಷ್ಟೆಲ್ಲಾ ಯಾಕೆ, ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕ್ಕೊಳ್ಳಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಅದಕ್ಕೆ ಕೆಳಗಿನ ಗಾರ್ಡ್ ಇಲ್ಲ, ಸ್ವಿಚ್ ಲಾಕ್ ಆಗಿ ತಿರುಗುತ್ತಲೇ ಇರುತ್ತದೆ, ವೇಗವೂ ಬ್ಯಾಟರಿ ಸಾದ ಎರಡು ಪಟ್ಟಿಗಿಂತ ಜಾಸ್ತಿ. ಮರ ಬ್ಲೇಡನ್ನು ಹಿಡಿದುಕೊಂಡರೆ ಮಿಷನ್ ನಿಮ್ಮ ಕಡೆಗೇ ನೆಗೆಯುತ್ತದೆ. ನಮ್ಮ ಕಸುಬಿನವರ ಬೆರಳುಗಳನ್ನು ಒಮ್ಮೆ ಗಮನಿಸಿ ನೋಡಿ, ಗೊತ್ತಾಗುತ್ತದೆ.

ಹಾಗಾಗಿ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ) ಮೋಟರಿನ, ಟ್ರಿಗರ್ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಿಸುವ ಬ್ರೇಕ್ ಇರುವ 165ರ ಸಾ ಹುಡುಕಿ. ಜೊತೆಗೆ 5 ಎಎಚ್ ಬ್ಯಾಟರಿ ಎರಡು. ಒಂದು ಬ್ಯಾಟರಿ ದುಡ್ಡಿಗೆ ಒಳ್ಳೆ ವೈರಿನ ಕಟರ್ ಮಿಷನ್ನೇ ಬರುತ್ತದೆ, ಹೊಟ್ಟೆ ಉರಿಯುತ್ತದೆ, ನಿಜ. ಎರಡಕ್ಕೂ ದುಡ್ಡು ಸಾಲದಿದ್ದರೆ ಸಾ ಈ ವರ್ಷ ಬಿಡಿ, ಮುಂದಿನ ಸೀಸನ್ನಿಗೆ ತಗೊಳ್ಳಿ.