ಯಾರಿಗೆ ಮೋಸ ಅನ್ನೋದೇ ಮುಖ್ಯ
ಒತ್ತೆಯಾಳುಗಳ ಮಾತುಕತೆಯಲ್ಲಿ ಮೋಸ ಮಾಡಿದರೆ ಮಿತ್ರದೇಶಗಳು ಒಪ್ಪುತ್ತವಾ ಅಂತ ಕೇಳಿದ್ದೀರಿ. ಮೋಸ ಹೋದವರು ಯಾರು ಅನ್ನೋದರ ಮೇಲಿದೆ.

1976ರಲ್ಲಿ ಇಸ್ರೇಲ್ ವಿಮಾನ ಅಪಹರಣಕಾರರಿಗೆ ಮಾತುಕತೆಗೆ ಸಿದ್ಧ ಎಂದು ಹೇಳಿ, ಒತ್ತೆಯಾಳುಗಳನ್ನು ಬಿಡಿಸಲು ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣಕ್ಕೆ ಕಮಾಂಡೋಗಳನ್ನು ಕಳಿಸಿತು. ಅಲ್ಲಿ ಮೋಸ ಹೋದವರು ಅಪಹರಣಕಾರರು. ಅಮೆರಿಕ ಭದ್ರತಾ ಮಂಡಳಿಯಲ್ಲಿ ಅದರ ಪರ ನಿಂತಿತು.

ಕತಾರ್ ರಾಜಧಾನಿ ದೋಹಾದ ಕಥೆ ಬೇರೆ. 2025ರ ಸೆಪ್ಟೆಂಬರ್ 9ರಂದು, ಅಮೆರಿಕದ್ದೇ ಕದನವಿರಾಮ ಪ್ರಸ್ತಾವದ ಮಾತು ನಡೆಯುತ್ತಿದ್ದಾಗ, ಇಸ್ರೇಲ್ ಅಲ್ಲಿದ್ದ ಹಮಾಸ್ ನಾಯಕರ ಮೇಲೆ ದಾಳಿ ಮಾಡಿತು. ಕತಾರ್‌ನ ಭದ್ರತಾ ಸಿಬ್ಬಂದಿಯೊಬ್ಬರೂ ಸತ್ತರು. ಕತಾರ್ ಆ ಮಾತುಕತೆಯ ಮಧ್ಯಸ್ಥ ದೇಶ, ಅಮೆರಿಕದ ದೊಡ್ಡ ವಾಯುನೆಲೆ ಇರುವ ಜಾಗ ಕೂಡ, ಅಲ್ವಾ? ಟ್ರಂಪ್ ಬಹಿರಂಗವಾಗಿಯೇ ಬೇಸರ ತೋರಿದರು. ಸೆಪ್ಟೆಂಬರ್ 29ರಂದು ನೆತನ್ಯಾಹು ಶ್ವೇತಭವನದಿಂದ ಫೋನ್ ಮಾಡಿ ಕತಾರ್ ಪ್ರಧಾನಿಯ ಕ್ಷಮೆ ಕೇಳಿದರು. ಕೇಳಲೇಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಆ ದಾಳಿಯಿಂದ ಹಮಾಸ್ ವಶದಲ್ಲಿದ್ದ ಒತ್ತೆಯಾಳುಗಳ ಮನೆಯವರೇ ಹೆದರಿಹೋಗಿದ್ದರು.